ಮಲಗಿದ ಮೊಬೈಲಿನ ದುಡಿಮೆ

ಮನೆಯಲ್ಲಿರುವ ವಸ್ತುವಿನ ಬೆಲೆ ಮನುಷ್ಯನಿಗೆ ತಿಳಿಯುವುದು ಎರಡೇ ಸಂದರ್ಭಗಳಲ್ಲಿ. ಒಂದು, ಅದು ಕೈಬಿಟ್ಟು ಹೋದಾಗ. ಇನ್ನೊಂದು, ಅದನ್ನು ಬೇರೊಬ್ಬರು ಬಂದು ಕೇಳಿದಾಗ. ಹಿತ್ತಲಲ್ಲಿ ಮಳೆಗೆ ನೆನೆಯುತ್ತ ಬಿದ್ದಿದ್ದ ಒರಳುಕಲ್ಲನ್ನು ನೆರೆಮನೆಯ ತಾಯಿ ಕೇಳಿದ ದಿನವೇ ಅದು ನಮಗೆ ಅಮೂಲ್ಯವಾಗಿ ಕಾಣತೊಡಗುತ್ತದೆ. ಇಂದು ಅನೇಕ ಮನೆಗಳ ಕಪಾಟಿನಲ್ಲಿ, ಗೂಟಕ್ಕೆ ತೂಗುಹಾಕಿದ ಚೀಲದಲ್ಲಿ ಹಳೆಯ ಮೊಬೈಲುಗಳು ಹೀಗೆಯೇ ಬಿದ್ದಿವೆ. ಅವುಗಳನ್ನು ಕೇಳಿಕೊಂಡು ಬಂದವರು ಯಾರು, ಕೇಳುವುದು ಏತಕ್ಕಾಗಿ, ಕೊಡುವುದು ಸರಿಯೋ ತಪ್ಪೋ ಎಂಬುದನ್ನು ಈ ತಿಂಗಳು ಓದುಗ ಬಂಧುಗಳೊಡನೆ ವಿಚಾರ ಮಾಡಬೇಕೆಂದಿದ್ದೇವೆ.

ಇದಕ್ಕೆ ಕಾರಣವಾದುದು ಕಳೆದ ಮಹಾನವಮಿಯ ಸುಮಾರಿಗೆ ನಮಗೆ ಬಂದ ಒಂದು ಪತ್ರ. ಬರೆದವರು ಗದಗ ಜಿಲ್ಲೆಯ ಒಂದು ಹಳ್ಳಿಯ ತಾಯಿ. ಅವರ ಯಜಮಾನರದು ಕಿರಾಣಿ ಅಂಗಡಿ. ಎರಡು ವರ್ಷಗಳ ಹಿಂದೆ ಯಾರೋ ಒಬ್ಬರು ಅಂಗಡಿಗೆ ಬಂದು, "ಈ ಆ್ಯಪ್ ಹಾಕಿಕೊಳ್ಳಿರಿ, ನೀವು ಮಲಗಿದ್ದಾಗ ನಿಮ್ಮ ಮೊಬೈಲು ದುಡಿಯುತ್ತದೆ, ದಿನವೂ ಹಣ ಜಮಾ ಆಗುತ್ತದೆ" ಎಂದು ನಂಬಿಸಿದರಂತೆ. ಮೊದಲು ಮೂರು ಸಾವಿರ, ಆಮೇಲೆ ಹತ್ತು ಸಾವಿರ, ಹೀಗೆ ಒಟ್ಟು 38,000 ರೂಪಾಯಿ ಕಟ್ಟಿಸಿಕೊಂಡರು. ಮೊಬೈಲಿನ ಪರದೆಯ ಮೇಲೆ ಅಂಕಿಗಳು ದಿನದಿಂದ ದಿನಕ್ಕೆ ಏರಿದವು. ಹಣ ತೆಗೆಯಲು ಹೋದಾಗ ಮೊದಲು ತೆರಿಗೆ ಕಟ್ಟಬೇಕೆಂಬ ಸೂಚನೆ ಬಂದಿತು. ಮರುವಾರ ಆ್ಯಪೇ ಮಾಯವಾಯಿತು.

ಇಷ್ಟಾದ ಮೇಲೆ ಪಿ.ಯು.ಸಿ. ಎರಡನೆಯ ವರ್ಷದಲ್ಲಿ ವಿಜ್ಞಾನ ಓದುತ್ತಿರುವ ಅವರ ಮಗನು ತಾಯಿಯ ಹಳೆಯ ಮೊಬೈಲನ್ನು ರಾತ್ರಿಯೆಲ್ಲ ಚಾರ್ಜಿಗೆ ಹಾಕಿ ಇಡತೊಡಗಿದನು. ಕೇಳಿದರೆ, "ಅವ್ವಾ, ಇದು ರಾತ್ರಿ ನಕ್ಷತ್ರ ಹುಡುಕತೈತಿ" ಎಂದನು. ಮೊಬೈಲು ರಾತ್ರಿ ದುಡಿಯುತ್ತದೆ ಎಂಬ ಮಾತು ತಂದೆಯ ಕಿವಿಗೆ ಬಿದ್ದದ್ದೇ ತಡ, ಹಳೆಯ ಗಾಯಕ್ಕೆ ಉಪ್ಪು ಸುರಿದಂತಾಯಿತು. ಮೊಬೈಲು ಅಂಗಡಿಯ ಗಲ್ಲಾಪೆಟ್ಟಿಗೆ ಸೇರಿತು. ಮಗನು ತಂದೆಯೊಡನೆ ಮಾತು ಬಿಟ್ಟನು. "ಗುರುಗಳೇ, ಎರಡು ತಿಂಗಳಾಯಿತು, ಅಪ್ಪ ಮಕ್ಕಳು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂಡುತ್ತಿಲ್ಲ. ಮಗ ಹೇಳುವುದು ನಿಜವೋ, ಅವನೂ ತಂದೆ ಬಿದ್ದ ಬಾವಿಯಲ್ಲಿಯೇ ಬಿದ್ದಿರುವನೋ, ತಿಳಿದವರು ನೀವು ಹೇಳಬೇಕು" ಎಂದು ಆ ತಾಯಿ ಕೇಳಿದ್ದರು.

ತಿಳಿದವರು ಎಂದು ಅವರು ಬರೆದರೇ ಹೊರತು, ಈ ವಿಷಯದಲ್ಲಿ ನಮಗೆ ತಿಳಿದಿದ್ದುದು ಏನೂ ಇರಲಿಲ್ಲ. ಹಳೆಗನ್ನಡದ ಪಾಠಾಂತರಗಳನ್ನು ಕೇಳಿದ್ದರೆ ಅಂದೇ ಉತ್ತರ ಬರೆಯುತ್ತಿದ್ದೆವು. ತಿಳಿಯದೆ ಹೇಳುವುದು ತಪ್ಪು, ತಿಳಿಯದೆಂದು ಸುಮ್ಮನಿರುವುದು ಇನ್ನೂ ದೊಡ್ಡ ತಪ್ಪು. ಆದುದರಿಂದ ಕಲಬುರಗಿಯ ನಮ್ಮ ಮನೆಯಲ್ಲಿಯೇ ಇದ್ದು ಎಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮೊಮ್ಮಗನನ್ನು ಗುರುವಾಗಿ ಮಾಡಿಕೊಂಡು, ಬೇಕಾದುದನ್ನು ಓದಿ, ನಮ್ಮದೇ ಒಂದು ಹಳೆಯ ಮೊಬೈಲಿನಲ್ಲಿ ದೀಪಾವಳಿಯಿಂದ ಪರೀಕ್ಷಿಸಿ ನೋಡಿ, ಈಗ ಬರೆಯುತ್ತಿದ್ದೇವೆ.

ಮೊದಲು ಈ ಕೆಲಸದ ಮೂಲವನ್ನು ತಿಳಿಯೋಣ. ವಿಜ್ಞಾನದ ಕೆಲವು ಲೆಕ್ಕಗಳು ಬಹು ದೊಡ್ಡವು. ಒಂದೇ ಗಣಕಯಂತ್ರಕ್ಕೆ ಕೊಟ್ಟರೆ ಸಾವಿರಾರು ವರ್ಷ ಹಿಡಿಯುವಂಥವು. ಆದರೆ ಅಂಥ ಲೆಕ್ಕಗಳಲ್ಲಿ ಕೆಲವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆಯಬಹುದು. ಒಂದು ತುಂಡು ಇನ್ನೊಂದರ ಉತ್ತರಕ್ಕಾಗಿ ಕಾಯಬೇಕಾಗಿಲ್ಲ. ನೂರು ಎಕರೆ ಜೋಳದ ಹೊಲವನ್ನು ಒಬ್ಬನೇ ಕೊಯ್ದರೆ ವರ್ಷ ಹಿಡಿದೀತು. ಊರಿನವರೆಲ್ಲರೂ ತಲೆಗೊಂದು ಸಾಲು ಹಿಡಿದರೆ ಸಂಜೆಯೊಳಗೆ ಮುಗಿಯುತ್ತದೆ. ಲೋಕದ ಮನೆ ಮನೆಗಳಲ್ಲಿ ಗಣಕಯಂತ್ರಗಳು ಬಹುಹೊತ್ತು ಸುಮ್ಮನೆ ಕುಳಿತಿರುತ್ತವೆ. ಅವುಗಳ ಒಡೆಯರು ಒಪ್ಪಿದರೆ ಒಂದೊಂದಕ್ಕೆ ಒಂದೊಂದು ಸಾಲು ಕೊಡಬಹುದಲ್ಲವೇ ಎಂಬುದೇ ಈ ಯೋಜನೆಗಳ ಹಿಂದಿನ ವಿಚಾರ.

ಇದನ್ನು ಮೊದಮೊದಲು ಕಾರ್ಯಕ್ಕೆ ಇಳಿಸಿದವರಲ್ಲಿ ಅಮೆರಿಕದ ಜಾರ್ಜ್ ವೋಲ್ಟ್‌ಮನ್ ಒಬ್ಬರು. 1996ರಲ್ಲಿ ಅವರು ಮರ್ಸೆನ್ ಅವಿಭಾಜ್ಯ ಸಂಖ್ಯೆಗಳೆಂಬ ದೈತ್ಯ ಸಂಖ್ಯೆಗಳನ್ನು ಹುಡುಕಲು ಹೀಗೆ ಜನರನ್ನು ಕೂಡಿಸಿದರು. 1999ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಿಂದ 'ಸೇಟಿ ಅಟ್ ಹೋಮ್' ಆರಂಭವಾಯಿತು. ಪೋರ್ಟೊ ರಿಕೊ ದ್ವೀಪದ ಅರೆಸಿಬೊ ರೇಡಿಯೋ ದೂರದರ್ಶಕವು ಆಕಾಶದಿಂದ ಹಿಡಿದ ಸದ್ದಿನಲ್ಲಿ ಅನ್ಯಲೋಕದ ಬುದ್ಧಿಜೀವಿಗಳ ಕರೆ ಏನಾದರೂ ಇದೆಯೇ ಎಂದು ಹುಡುಕುವುದು ಅದರ ಉದ್ದೇಶ. 50 ಲಕ್ಷಕ್ಕೂ ಮೇಲ್ಪಟ್ಟ ಜನರು ಅದರಲ್ಲಿ ಸೇರಿದರು. ಅದನ್ನು ನಡೆಸಿದ ಡೇವಿಡ್ ಆ್ಯಂಡರ್ಸನ್ ಅವರು ಮುಂದೆ, ಯಾವ ವಿಜ್ಞಾನಿಯಾದರೂ ಇಂಥ ಯೋಜನೆ ಕಟ್ಟಿಕೊಳ್ಳಲು ಅನುಕೂಲವಾಗುವಂತೆ, 'ಬಾಯಿಂಕ್' ಎಂಬ ಸಾಮಾನ್ಯ ವ್ಯವಸ್ಥೆಯೊಂದನ್ನು ರೂಪಿಸಿದರು. ಗದಗ ಜಿಲ್ಲೆಯ ಆ ಹುಡುಗನು ತಾಯಿಯ ಮೊಬೈಲಿನಲ್ಲಿ ಹಾಕಿದ್ದುದು ಇದೇ ಬಾಯಿಂಕ್ ಎಂಬುದು ಪತ್ರದ ಹಿಂಬದಿಯಲ್ಲಿ ಅವನ ಕೈಯಿಂದಲೇ ಬರೆಸಿದ್ದ ಹೆಸರಿನಿಂದ ತಿಳಿಯಿತು.

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿಯುಂಟು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅದರಲ್ಲಿ ಕೂಲಿ ಇಲ್ಲದಿದ್ದರೂ ತಿರುಗಿ ಬರುವ ಲೆಕ್ಕ ಇದ್ದೇ ಇರುತ್ತದೆ. ಈ ಯೋಜನೆಗಳಲ್ಲಿ ಆ ಲೆಕ್ಕವೂ ಇಲ್ಲ. ಯಾರ ಹೊಲವೆಂದು ಕಾಣದ, ಬೆಳೆ ಬಂದೀತೋ ಇಲ್ಲವೋ ತಿಳಿಯದ ಕೆಲಸಕ್ಕೆ ಆಳು ಕಳುಹಿಸಿದಂತೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ಮೊಬೈಲು ಈ ಕಾರ್ಯಕ್ಕೆ ಬಂದುದು ತಡವಾಗಿ. ಅದು ಕಿಸೆಯಲ್ಲಿರುವ ಚಿಕ್ಕ ಗಣಕಯಂತ್ರವೇ ಆದರೂ ಅದಕ್ಕೆ ಮೂರು ಮಿತಿಗಳಿವೆ. ಬ್ಯಾಟರಿ ಬೇಗ ಇಳಿಯುತ್ತದೆ, ಇಂಟರ್‌ನೆಟ್ಟಿಗೆ ಹಣ ಕಟ್ಟಬೇಕಾಗುತ್ತದೆ, ಗಾಳಿಯಾಡಿಸುವ ಪಂಖಾ ಒಳಗಿಲ್ಲದಿರುವುದರಿಂದ ಬೇಗ ಕಾಯುತ್ತದೆ. 2013ರ ಜುಲೈ ತಿಂಗಳಲ್ಲಿ ಆಂಡ್ರಾಯ್ಡ್ ಮೊಬೈಲುಗಳಿಗೆ ಬಾಯಿಂಕ್ ಬಂದಾಗ ಈ ಮೂರಕ್ಕೂ ಕಟ್ಟುಪಾಡು ಹಾಕಿದರು. ಮೊಬೈಲು ಚಾರ್ಜಿನಲ್ಲಿದ್ದರೆ ಮಾತ್ರ, ಬ್ಯಾಟರಿ ನೂರಕ್ಕೆ 90 ಭಾಗ ತುಂಬಿದ ಮೇಲೆ ಮಾತ್ರ ಲೆಕ್ಕ ಮಾಡುವುದು. ವೈಫೈ ಇದ್ದರೆ ಮಾತ್ರ ಕೆಲಸವನ್ನು ತರುವುದು, ಉತ್ತರವನ್ನು ಕಳುಹಿಸುವುದು. ಬ್ಯಾಟರಿಯ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಲಸ ನಿಲ್ಲಿಸಿ ಆರಲು ಬಿಡುವುದು. ಬೇರೆ ಹೇಳದಿದ್ದರೆ ಬಾಯಿಂಕ್ ಇವುಗಳನ್ನು ತಾನಾಗಿಯೇ ಪಾಲಿಸುತ್ತದೆ. ಮೂರನೆಯ ಕಟ್ಟುಪಾಡಿನ ಬೆಲೆ ನಮಗೆ ತಿಳಿದ ಬಗೆಯನ್ನು ಮುಂದೆ ಹೇಳಲಿದ್ದೇವೆ.

ಬೇರೆಯವರೂ ಇದೇ ದಾರಿ ಹಿಡಿದರು. 2014ರಲ್ಲಿ ಸ್ಯಾಮ್‌ಸಂಗ್ ಕಂಪನಿಯು ವಿಯೆನ್ನಾ ವಿಶ್ವವಿದ್ಯಾಲಯದೊಡನೆ ಕೂಡಿ ಅಲಾರಂ ಗಡಿಯಾರದ ರೂಪದ ಒಂದು ಆ್ಯಪ್ ತಂದಿತು. ಬೆಳಿಗ್ಗೆ ಏಳಲು ಅಲಾರಂ ಇಟ್ಟು ಮಲಗಿದರೆ, ಮೊಬೈಲು ಅಷ್ಟು ಹೊತ್ತು ಪ್ರೋಟೀನುಗಳ ಹೋಲಿಕೆಯ ಲೆಕ್ಕ ಮಾಡುತ್ತಿತ್ತು. 2015ರಲ್ಲಿ ಆಸ್ಟ್ರೇಲಿಯಾದ ವೊಡಾಫೋನ್ ಪ್ರತಿಷ್ಠಾನವು ಸಿಡ್ನಿಯ ಗಾರ್ವನ್ ವೈದ್ಯಕೀಯ ಸಂಶೋಧನಾ ಸಂಸ್ಥೆಗಾಗಿ 'ಡ್ರೀಮ್‌ಲ್ಯಾಬ್' ಎಂಬುದನ್ನು ಆರಂಭಿಸಿತು. ಅದರ ಲೆಕ್ಕಗಳು ಕ್ಯಾನ್ಸರ್ ರೋಗಕ್ಕೆ ಸಂಬಂಧಿಸಿದವು. ಮುಂದೆ ಲಂಡನ್ನಿನ ಇಂಪೀರಿಯಲ್ ಕಾಲೇಜು ಅದೇ ಆ್ಯಪ್ ಮೂಲಕ, ಯಾವ ಆಹಾರ ಪದಾರ್ಥಗಳಲ್ಲಿ ಕ್ಯಾನ್ಸರನ್ನು ಎದುರಿಸಬಲ್ಲ ಅಣುಗಳು ಇರಬಹುದೆಂಬುದನ್ನು ಲೆಕ್ಕ ಹಾಕಿ 2019ರಲ್ಲಿ ಪ್ರಕಟಿಸಿತು. ಗಜ್ಜರಿ, ದ್ರಾಕ್ಷಿ, ಕೊತ್ತಂಬರಿ, ಕ್ಯಾಬೇಜು ಮೊದಲಾದವುಗಳ ಹೆಸರು ಅದರಲ್ಲಿವೆ. ಇದನ್ನು ಓದಿ ಕೊತ್ತಂಬರಿಯಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಯಾರೂ ಭ್ರಮಿಸಬಾರದು. ಎಲ್ಲಿ ಅಗೆದರೆ ನೀರು ಸಿಕ್ಕೀತೆಂದು ಗುರುತು ಹಾಕಿಕೊಡುವುದು ಲೆಕ್ಕದ ಕೆಲಸ. ಬಾವಿ ತೋಡುವುದು ಪ್ರಯೋಗಶಾಲೆಯ ಮತ್ತು ಆಸ್ಪತ್ರೆಯ ಕೆಲಸ.

ಇನ್ನು ಆ ಹುಡುಗನ ನಕ್ಷತ್ರದ ಮಾತು. ಅವನು ಸೇರಿದ್ದ ಯೋಜನೆಯ ಹೆಸರು 'ಐನ್‌ಸ್ಟೈನ್ ಅಟ್ ಹೋಮ್'. 2005ರಲ್ಲಿ ಆರಂಭವಾದ ಇದರ ಮುಖ್ಯಸ್ಥರು ಬ್ರೂಸ್ ಆ್ಯಲೆನ್. ಜರ್ಮನಿಯ ಹ್ಯಾನೋವರಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯೂ ಅಮೆರಿಕದ ವಿಸ್ಕಾನ್ಸಿನ್ ಮಿಲ್ವಾಕಿ ವಿಶ್ವವಿದ್ಯಾಲಯವೂ ಇದರ ಹಿಂದಿವೆ. ಇವರು ಹುಡುಕುವುದು ಪಲ್ಸಾರ್ ಎಂಬ ನಕ್ಷತ್ರಗಳನ್ನು. ದೊಡ್ಡ ನಕ್ಷತ್ರವೊಂದು ಸಿಡಿದು ಸತ್ತ ಮೇಲೆ ಉಳಿಯುವ ಗಟ್ಟಿ ತಿರುಳು ಅದು. ಸೂರ್ಯನಿಗಿಂತ ಹೆಚ್ಚಿನ ತೂಕವು ಒಂದು ಪಟ್ಟಣದಷ್ಟು ಅಗಲದ ಗೋಳದಲ್ಲಿ ಅಡಕವಾಗಿರುತ್ತದೆ. ಅದು ಬುಗುರಿಯಂತೆ ತಿರುಗುತ್ತ ರೇಡಿಯೋ ಅಲೆಗಳ ಕಿರಣವನ್ನು ದೀಪಸ್ತಂಭದ ಬೆಳಕಿನ ಹಾಗೆ ಸುತ್ತಲೂ ಬೀಸುತ್ತದೆ. ಕಿರಣವು ಭೂಮಿಯ ಮೇಲೆ ಹಾದಾಗಲೆಲ್ಲ ದೂರದರ್ಶಕಕ್ಕೆ ಒಂದು ಮಿಡಿತ ಕೇಳುತ್ತದೆ.

ಇದನ್ನು ಹುಡುಕಲು ಅಷ್ಟೊಂದು ಲೆಕ್ಕ ಏಕೆ ಬೇಕೆಂದು ನಮಗೂ ಮೊದಲು ಸಂಶಯವಾಯಿತು. ಜಾತ್ರೆಯ ಗದ್ದಲವನ್ನು ನೆನೆಸಿಕೊಳ್ಳಿರಿ. ಅದರ ನಡುವೆ ಎಲ್ಲಿಯೋ ಒಂದು ಎತ್ತಿನ ಕೊರಳ ಗಂಟೆ ಸಮನಾದ ಲಯದಲ್ಲಿ ನುಡಿಯುತ್ತಿದೆ. ಎತ್ತು ನಿಂತಲ್ಲಿಯೇ ನಿಂತಿದ್ದರೆ, ಲಯವನ್ನು ಹಿಡಿದು ತಾಳ್ಮೆಯಿಂದ ಕೇಳಿದರೆ ಅದು ಸಿಕ್ಕೀತು. ಆದರೆ ಗಂಟೆ ಕಟ್ಟಿಕೊಂಡವನು ದೊಡ್ಡ ತೊಟ್ಟಿಲಲ್ಲಿ ಕುಳಿತು ಸುತ್ತುತ್ತಿದ್ದರೆ ಏನು ಗತಿ? ಹತ್ತಿರ ಬರುವಾಗ ಲಯ ಬಿಗಿಯಾಗುತ್ತದೆ, ದೂರ ಹೋಗುವಾಗ ಸಡಿಲಾಗುತ್ತದೆ. ಇನ್ನೊಂದು ನಕ್ಷತ್ರವನ್ನು ಸುತ್ತುವ ಪಲ್ಸಾರಿನ ಮಿಡಿತವೂ ಹೀಗೆಯೇ. ತೊಟ್ಟಿಲು ಎಷ್ಟು ದೊಡ್ಡದು, ಎಷ್ಟು ವೇಗ, ಈಗ ಎಲ್ಲಿದೆ ಎಂಬುದು ತಿಳಿಯದೆ, ಸಾಧ್ಯವಿರುವ ಒಂದೊಂದು ಸುತ್ತನ್ನೂ ಊಹಿಸಿ ಆ ಸದ್ದಿಗೆ ಹೊಂದಿಸಿ ನೋಡಬೇಕಾಗುತ್ತದೆ. ಇಂಥ ಊಹೆಗಳು ಸಾವಿರಾರು. ಆಕಾಶದ ಒಂದೊಂದು ತುಂಡಿಗೂ ಮತ್ತೆ ಅಷ್ಟೇ. ಈ ಲೆಕ್ಕದ ಒಂದು ಸಾಲೇ ಆ ಹಳ್ಳಿಯ ಮೊಬೈಲಿಗೂ ನಮ್ಮ ಮೊಬೈಲಿಗೂ ಬಂದುದು.

ಬೆಳೆ ಬಂದುದು ಉಂಟೇ ಎಂದರೆ, ಉಂಟು. ಅರೆಸಿಬೊ ದೂರದರ್ಶಕವು 2007ರಲ್ಲಿ ಕೇಳಿಟ್ಟುಕೊಂಡಿದ್ದ ಸದ್ದಿನಲ್ಲಿ, ಸುಮಾರು 17,000 ಜ್ಯೋತಿರ್ವರ್ಷ ದೂರದ, ಸೆಕೆಂಡಿಗೆ ಸುಮಾರು 41 ಸುತ್ತು ತಿರುಗುವ ಒಂದು ಪಲ್ಸಾರ್ 2010ರಲ್ಲಿ ಪತ್ತೆಯಾಯಿತು. ಕಂಡುಹಿಡಿದ ಗಣಕಯಂತ್ರಗಳು ಅಮೆರಿಕದ ಅಯೋವಾ ರಾಜ್ಯದ ಒಂದು ದಂಪತಿಯದು ಮತ್ತು ಜರ್ಮನಿಯ ಮೈನ್ಸ್ ನಗರದ ಒಬ್ಬರದು. ಯಾರೂ ಖಗೋಳ ವಿಜ್ಞಾನಿಗಳಲ್ಲ. ಜಗತ್ತಿನ ದೊಡ್ಡ ವಿಜ್ಞಾನ ಪತ್ರಿಕೆಯಾದ 'ಸೈನ್ಸ್'ನಲ್ಲಿ ಅದು ಪ್ರಕಟವಾಯಿತು. ಅಂದು ದುಡಿದುದು ಮನೆಯ ಗಣಕಯಂತ್ರಗಳು. ಮೊಬೈಲುಗಳಿಗೆ ಅದೇ ಬಗೆಯ ಹುಡುಕಾಟದ ಪಾಲು ದೊರೆತುದು 2013ರಿಂದ ಈಚೆಗೆ. 305 ಮೀಟರ್ ಅಗಲದ ಆ ಅರೆಸಿಬೊ ದೂರದರ್ಶಕವು 2020ರ ಡಿಸೆಂಬರ್ 1ರಂದು ಕುಸಿದು ಬಿದ್ದಿತು. ಆದರೂ ಅದು ಕೇಳಿಟ್ಟುಹೋದ ಸದ್ದು ಉಳಿದಿದೆ.

ಕಂಡುಹಿಡಿದವರು ಎರಡು ಮನೆಯವರಾದುದು ಏಕೆಂಬ ಪ್ರಶ್ನೆಗೆ ಉತ್ತರ ಸಿಕ್ಕಾಗ ನಮಗೆ ಬಹಳ ಸಂತೋಷವಾಯಿತು. ಪಾಠಶಾಲೆಯಲ್ಲಿ ನಾವು ತಾಳೆಗರಿಯ ಪ್ರತಿಗಳನ್ನು ಎತ್ತಿ ಬರೆಯುತ್ತಿದ್ದಾಗ, ನಮ್ಮ ಗುರುಗಳು ಒಂದೇ ಕಟ್ಟನ್ನು ಇಬ್ಬರು ಹುಡುಗರಿಗೆ ಬೇರೆ ಬೇರೆಯಾಗಿ ಕೊಡುತ್ತಿದ್ದರು. ಒಬ್ಬನು ನಿದ್ದೆಗಣ್ಣಿನಲ್ಲಿ ಒಂದು ಸಾಲು ಬಿಟ್ಟರೆ ಇನ್ನೊಬ್ಬನ ಪ್ರತಿಯಿಂದ ತಿಳಿಯುತ್ತಿತ್ತು. ಎರಡೂ ಕೂಡಿದರೆ ಮಾತ್ರ ಆ ಪಾಠವನ್ನು ಒಪ್ಪುತ್ತಿದ್ದರು. ಇಲ್ಲಿಯೂ ಹಾಗೆಯೇ. ಯಾರದೋ ಮನೆಯ ಯಂತ್ರ ತಪ್ಪು ಮಾಡಬಹುದು, ಯಾರೋ ಬೇಕೆಂದೇ ಸುಳ್ಳು ಉತ್ತರ ಕಳುಹಿಸಬಹುದು. ಆದುದರಿಂದ ಒಂದೇ ತುಂಡನ್ನು ಪರಸ್ಪರ ಅರಿಯದ ಇಬ್ಬರಿಗೆ ಕೊಟ್ಟು, ಉತ್ತರಗಳು ಕೂಡಿದರೆ ಒಪ್ಪುತ್ತಾರೆ. ಕೂಡದಿದ್ದರೆ ಮೂರನೆಯವರಿಗೆ ಕೊಡುತ್ತಾರೆ. ಹೆಸರು ಬಂದಾಗ ಇಬ್ಬರಿಗೂ ಬರುತ್ತದೆ.

ಬೆಳೆ ಬಾರದ ಹೊಲದ ಮಾತನ್ನೂ ಹೇಳಬೇಕು. ಸೇಟಿ ಅಟ್ ಹೋಮ್ ಯೋಜನೆಯು 21 ವರ್ಷ ನಡೆದು, 2020ರ ಮಾರ್ಚ್ 31ರಂದು ಹೊಸ ಕೆಲಸ ಹಂಚುವುದನ್ನು ನಿಲ್ಲಿಸಿತು. ಅನ್ಯಲೋಕದ ಕರೆ ಕೇಳಿಬರಲಿಲ್ಲ. ಐನ್‌ಸ್ಟೈನ್ ಅಟ್ ಹೋಮ್ ಕೂಡ ಮೊದಲು ಹೊರಟುದು ತಿರುಗುವ ನಕ್ಷತ್ರಗಳಿಂದ ಸತತವಾಗಿ ಬರುವ ಗುರುತ್ವದ ಅಲೆಗಳನ್ನು ಹುಡುಕಲು. ಅವು ಇನ್ನೂ ಕೈಗೆ ಸಿಕ್ಕಿಲ್ಲ. ಹೀಗಿರುವಾಗ ಮೊಬೈಲು ಇಟ್ಟವನಿಗೆ ಬಂದ ಲಾಭವೇನೆಂದು ಕೇಳಿದರೆ, ಲೋಕದ ಲೆಕ್ಕದಲ್ಲಿ ಏನೂ ಇಲ್ಲ. ಇಲ್ಲಿ ಇಲ್ಲ ಎಂಬುದೂ ಒಂದು ಅರಿವು. ಹುಡುಕಿ ನೋಡಿದ ಕೋಣೆಯ ಬಾಗಿಲಿಗೆ ಗುರುತು ಹಾಕಿದರೆ ಮುಂದೆ ಬರುವವನು ಬೇರೆ ಕೋಣೆಯನ್ನು ನೋಡುತ್ತಾನೆ.

ಈಗ ನಮ್ಮ ಅನುಭವವನ್ನು ಮುಚ್ಚದೆ ಹೇಳಬೇಕಾಗಿದೆ. ದೀಪಾವಳಿಯ ಮರುದಿನ ಮೊಮ್ಮಗನು ನಮ್ಮ ಹಳೆಯ ಮೊಬೈಲನ್ನು ಸಿದ್ಧಗೊಳಿಸಿದನು. ನಮ್ಮ ಚಿತ್ರಗಳು, ಫೋನ್ ನಂಬರುಗಳು, ಬ್ಯಾಂಕಿನ ಆ್ಯಪ್ ಎಲ್ಲವನ್ನೂ ಅಳಿಸಿ, ಸಿಮ್ ತೆಗೆದು, ಬಾಯಿಂಕ್ ಹಾಕಿದನು. ರಾತ್ರಿ ಒಂಬತ್ತಕ್ಕೆ ಚಾರ್ಜಿಗೆ ಇಟ್ಟರೆ ಬ್ಯಾಟರಿ ತುಂಬಿದ ಮೇಲೆ ಅದರ ದುಡಿಮೆ ಆರಂಭ. ಒಂದು ತುಂಡು ಮುಗಿಯಲು ಮೂರು ನಾಲ್ಕು ರಾತ್ರಿ ಬೇಕಾಗುತ್ತಿತ್ತು. ಗಡುವು ಸುಮಾರು ಎರಡು ವಾರ ಇದ್ದುದರಿಂದ ತೊಂದರೆಯಾಗಲಿಲ್ಲ. ಮುಗಿಸಿದ ಕೆಲಸಕ್ಕೆ ಯೋಜನೆಯವರು ಇಷ್ಟು ಅಂಕ ಎಂದು ಹೆಸರಿನ ಮುಂದೆ ಬರೆಯುತ್ತಾರೆ. ಆ ಅಂಕಗಳಿಂದ ಒಂದು ಕಡ್ಡಿಪೆಟ್ಟಿಗೆಯೂ ಬರುವುದಿಲ್ಲ. ಪರೀಕ್ಷೆಯ ಅಂಕಗಳಂತೆ ಅವು ಮನಸ್ಸಿನ ಸಮಾಧಾನಕ್ಕೆ ಮಾತ್ರ.

ಮೊದಲ ತಿಂಗಳು ನಾವು ಅವುಗಳನ್ನು ನೋಡಲಿಲ್ಲ. ಎರಡನೆಯ ತಿಂಗಳು ವಾರಕ್ಕೊಮ್ಮೆ ನೋಡಿದೆವು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಬೆಳಿಗ್ಗೆ ಎದ್ದೊಡನೆ ಕನ್ನಡಕ ಹುಡುಕಿ ನೋಡುವ ಮೊದಲ ವಸ್ತು ಆ ಅಂಕಿಯೇ ಆಯಿತು. ಯಾವುದೋ ದೇಶದ ಯಾರೋ ಒಬ್ಬರು ನಮಗಿಂತ ಸ್ವಲ್ಪ ಮುಂದಿದ್ದರು. ಅವರನ್ನು ಹಿಂದೆ ಹಾಕಬೇಕೆಂಬ ಆಸೆ ಈ ವಯಸ್ಸಿನಲ್ಲಿ ನಮಗೆ ಹುಟ್ಟಿತು. ಯುಗಾದಿ ಕಳೆದು ಬಿಸಿಲು ಏರಿತು. ನಮ್ಮ ಕಲಬುರಗಿಯ ಬೇಸಿಗೆಯನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನ ಗಾಳಿಯೇ 40 ಡಿಗ್ರಿ ದಾಟುವ ದಿನಗಳಲ್ಲಿ ರಾತ್ರಿಯೂ ಗೋಡೆಗಳು ಬಿಸಿಯಾಗಿರುತ್ತವೆ. ಮೊಬೈಲು ಅರ್ಧ ಗಂಟೆ ದುಡಿದು ತಾನೇ ನಿಲ್ಲತೊಡಗಿತು. ಅಂಕಿ ಏರಲಿಲ್ಲ. ಆಗ ನಾವು ಮೊಮ್ಮಗನಿಗೆ ತಿಳಿಸದೆ, ಬಿಸಿಯ ಮಿತಿಯನ್ನು 40ರಿಂದ 48ಕ್ಕೆ ಏರಿಸಿದೆವು. ಧೂಳು ಬೀಳದಿರಲೆಂದು ಮೇಲೊಂದು ವಸ್ತ್ರವನ್ನೂ ಹೊದಿಸಿದೆವು.

ಹತ್ತು ದಿನಗಳಾಗಿರಬೇಕು. ಒಂದು ಬೆಳಿಗ್ಗೆ ಎತ್ತಿಕೊಂಡರೆ ಮೊಬೈಲಿನ ಹಿಂಬದಿಯ ಮುಚ್ಚಳವು ಎದ್ದು ನಿಂತಿತ್ತು. ಒಳಗಿನ ಬ್ಯಾಟರಿ ಉಬ್ಬಿತ್ತು. ಮೊಮ್ಮಗನು ಓಡಿ ಬಂದು ಚಾರ್ಜರಿನ ಸ್ವಿಚ್ ಆರಿಸಿ, ಮೊಬೈಲನ್ನು ಒಯ್ದು ಅಂಗಳದ ಫರಸಿಕಲ್ಲಿನ ಮೇಲೆ ನೆರಳಿನಲ್ಲಿ ಇಟ್ಟು ಬಂದನು. ಆಮೇಲೆ ಹೇಳಿದನು: "ಮುತ್ಯಾ, ನೀವು ಬರೇ ಅಂಕಿ ನೋಡ್ಲಿಕತ್ತೀರಿ. ಮೊಬೈಲ್ ಎಷ್ಟು ಕಾದದ ಅಂತ ನೋಡೇ ಇಲ್ಲ." ನಾವು ಉತ್ತರ ಕೊಡಲಿಲ್ಲ. ಆ ಕೋಣೆಯಲ್ಲಿ ಒಂದು ಗೇಣು ದೂರದಲ್ಲಿ ನಮ್ಮ ಹಾಸಿಗೆ ಇತ್ತು, ಅದರಾಚೆ ಅರವತ್ತು ವರ್ಷ ಕೂಡಿಟ್ಟ ಪುಸ್ತಕಗಳಿದ್ದವು.

ಅಂದು ನಮಗೆ ಗದಗ ಜಿಲ್ಲೆಯ ಆ ಯಜಮಾನರು ನೆನಪಾದರು. ಪರದೆಯ ಮೇಲೆ ಏರುವ ಅಂಕಿಯನ್ನು ನಂಬಿ ಅವರು ಹಣ ಕಳೆದುಕೊಂಡರು. ಅವರ ಪತ್ನಿಯ ಪತ್ರ ಓದಿದಾಗ, ಲೆಕ್ಕ ಬಲ್ಲ ವ್ಯಾಪಾರಿಯಾಗಿ ಹೀಗೇಕೆ ಮೋಸಹೋದರು ಎಂದು ನಾವು ಮನಸ್ಸಿನಲ್ಲಿ ಅಂದುಕೊಂಡಿದ್ದು ಸುಳ್ಳಲ್ಲ. ಅವರ ಅಂಕಿ ಸುಳ್ಳು, ನಮ್ಮ ಅಂಕಿ ನಿಜ. ಅವರು ಸೇರಿದ್ದು ವಂಚನೆ, ನಾವು ಸೇರಿದ್ದು ವಿಜ್ಞಾನ. ಅಷ್ಟೇ ವ್ಯತ್ಯಾಸ. ಏರುವ ಅಂಕಿಯ ಮುಂದೆ ಕುಳಿತ ಮನಸ್ಸು ಇಬ್ಬರದೂ ಒಂದೇ ಆಗಿತ್ತು. ಒಳ್ಳೆಯ ಕೆಲಸದಲ್ಲಿಯೂ ದುರಾಸೆ ಹುಟ್ಟುತ್ತದೆ, ಅದು ಒಳ್ಳೆಯ ಕೆಲಸದ ವೇಷದಲ್ಲಿ ಬರುವುದರಿಂದ ಗುರುತಿಸುವುದು ಕಷ್ಟವೆಂಬುದನ್ನು ಇತರರಿಗೆ ಎಷ್ಟೋ ಸಲ ಹೇಳಿದ್ದೆವು. ಕಲಿತುದು ಮಾತ್ರ ಈ ಬೇಸಿಗೆಯಲ್ಲಿ.

ಆದುದರಿಂದ ಈ ಕೆಲಸಕ್ಕೆ ಕೈಹಾಕುವವರಿಗೆ ನಮ್ಮ ಕೆಲವು ಸೂಚನೆಗಳು. ದಿನನಿತ್ಯ ಬಳಸುವ, ಬ್ಯಾಂಕಿನ ವ್ಯವಹಾರವಿರುವ ಮೊಬೈಲನ್ನು ಇದಕ್ಕೆ ಇಡಬೇಡಿರಿ. ಬ್ಯಾಟರಿ ಸರಿಯಾಗಿರುವ ಹಳೆಯದು ಸಾಕು. ಬಿಸಿಯ ಮಿತಿಯನ್ನು ಎಂದಿಗೂ ಏರಿಸಬೇಡಿರಿ. ಹಾಸಿಗೆ, ದಿಂಬು, ಕಾಗದ, ಬಟ್ಟೆಗಳಿಂದ ದೂರ, ಕಲ್ಲಿನ ಅಥವಾ ಹೆಂಚಿನ ಮೇಲೆ, ಗಾಳಿಯಾಡುವಲ್ಲಿ ಇಡಿರಿ. ಬೇಸಿಗೆಯ ಮೂರು ತಿಂಗಳು ಅದಕ್ಕೂ ರಜೆ ಕೊಡಿರಿ. ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಒತ್ತಬಾರದು, ಮತ್ತೆ ಚಾರ್ಜ್ ಮಾಡಬಾರದು, ಕಸದ ತೊಟ್ಟಿಗೂ ಎಸೆಯಬಾರದು. ಎಲೆಕ್ಟ್ರಾನಿಕ್ ಕಸ ಸಂಗ್ರಹಿಸುವವರಿಗೆ ಕೊಡಬೇಕು. ವಿದ್ಯುತ್ತಿನ ಖರ್ಚಿಗೆ ಅಂಜಬೇಕಾಗಿಲ್ಲ. ಮೊಬೈಲು ಐದು ವ್ಯಾಟ್ ಎಳೆಯುತ್ತದೆಂದು ಹಿಡಿದರೆ, ರಾತ್ರಿಗೆ 8 ಗಂಟೆಯಂತೆ 25 ರಾತ್ರಿಗೆ ಒಂದು ಯೂನಿಟ್ ಆಗುತ್ತದೆ. ಬಾಯಿಂಕ್ ಆ್ಯಪಲ್ ಕಂಪನಿಯ ಐಫೋನುಗಳಿಗೆ ಇಲ್ಲ. ಹೊರಗಿನಿಂದ ಲೆಕ್ಕದ ಪ್ರೋಗ್ರಾಮುಗಳನ್ನು ತಂದು ನಡೆಸುವ ಆ್ಯಪ್‌ಗಳಿಗೆ ಆ ಕಂಪನಿ ಅವಕಾಶ ಕೊಡುವುದಿಲ್ಲ.

ನಿಜ ಯಾವುದು, ಮೋಸ ಯಾವುದು ಎಂದು ತಿಳಿಯಲು ಐದು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಸೇರಲು ಹಣ ಕೇಳುತ್ತಾರೆಯೇ? ಸೇರಿದರೆ ಹಣ ಬರುತ್ತದೆನ್ನುತ್ತಾರೆಯೇ? ಇನ್ನಿಬ್ಬರನ್ನು ಸೇರಿಸಿದರೆ ಹೆಚ್ಚು ಸಿಗುತ್ತದೆನ್ನುತ್ತಾರೆಯೇ? ಬ್ಯಾಂಕಿನ ವಿವರ, ಆಧಾರ್, ಓಟಿಪಿ ಬೇಕೆನ್ನುತ್ತಾರೆಯೇ? ಈ ನಾಲ್ಕರಲ್ಲಿ ಒಂದಕ್ಕೆ ಹೌದೆಂದು ಉತ್ತರ ಬಂದರೂ ಅಲ್ಲಿಂದ ಎದ್ದುಬರಬೇಕು. ಐದನೆಯದು, ಇದರ ಹಿಂದೆ ಯಾವ ವಿಶ್ವವಿದ್ಯಾಲಯ ಅಥವಾ ಸಂಶೋಧನಾ ಸಂಸ್ಥೆ ಇದೆ, ಅವರು ಕಂಡುಕೊಂಡುದನ್ನು ಎಲ್ಲಿ ಪ್ರಕಟಿಸಿದ್ದಾರೆ? ಇದಕ್ಕೆ ನೇರವಾದ ಉತ್ತರ ಸಿಗದಿದ್ದರೂ ಎದ್ದುಬರಬೇಕು.

ಇನ್ನು ಪತ್ರ ಬರೆದ ತಾಯಿಗೆ ನಮ್ಮ ಉತ್ತರ. ತಾಯಿ, ನಿಮ್ಮ ಮಗನು ಹೇಳಿದುದು ನಿಜ. ಅವನು ತಂದೆ ಬಿದ್ದ ಬಾವಿಯಲ್ಲಿ ಬಿದ್ದಿಲ್ಲ. ಆದರೆ ಅವನೂ ಒಂದು ತಪ್ಪು ಮಾಡಿದ್ದಾನೆ. ಮನೆಯ ಮೊಬೈಲನ್ನು, ಮನೆಯ ಕರೆಂಟನ್ನು ಬಳಸುವ ಮೊದಲು ಮನೆಯ ಹಿರಿಯರನ್ನು ಕೇಳಬೇಕಾಗಿತ್ತು. ಕೇಳದೆ ಮಾಡಿದ ದಾನದಲ್ಲಿ ಕೊಟ್ಟವನಾರೆಂಬುದೇ ತಿಳಿಯುವುದಿಲ್ಲ. ಮೇಲಿನ ಐದು ಪ್ರಶ್ನೆಗಳನ್ನು ಅವನು ಒಂದು ಹಾಳೆಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ, ತಂದೆಯ ಮುಂದೆ ಕುಳಿತು, ಒಂದೊಂದಕ್ಕೂ ಉತ್ತರ ತೋರಿಸಲಿ. ತಂದೆಗೆ ಬುದ್ಧಿ ಹೇಳಲು ಹೋಗಬಾರದು. ಮೋಸದ ಗುರುತು ಹೇಗಿರುತ್ತದೆಂಬುದು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರೇ. ಅವರೇ ಪರೀಕ್ಷಕರಾಗಿ ಅವನ ಉತ್ತರಗಳನ್ನು ತೂಗಿ ನೋಡಲಿ.

ಯಜಮಾನರಿಗೂ ಒಂದು ಮಾತು. 38,000 ರೂಪಾಯಿ ಹೋದ ನೋವು ದೊಡ್ಡದೇ. ಆ ನೋವಿನಿಂದ ಎಚ್ಚರ ಬಂದರೆ ಒಳ್ಳೆಯದು. ಮಗನ ಮೇಲಿನ ನಂಬಿಕೆಯೂ ಅದರೊಡನೆ ಹೋಗಬಾರದು. ಗಲ್ಲಾಪೆಟ್ಟಿಗೆಯಲ್ಲಿರುವ ಆ ಮೊಬೈಲನ್ನು ನೀವೇ ತೆಗೆದು ಅವನ ಕೈಗೆ ಕೊಡಿರಿ. ಎಲ್ಲಿ ಇಡಬೇಕು, ಎಷ್ಟು ಹೊತ್ತು ಇಡಬೇಕು ಎಂಬುದನ್ನು ನೀವೇ ಗೊತ್ತುಮಾಡಿರಿ. ಬಿಸಿಯಾಗಿದೆಯೇ ಎಂದು ಮಲಗುವ ಮುಂಚೆ ಒಮ್ಮೆ ಕೈಯಿಟ್ಟು ನೋಡುವ ಕೆಲಸವನ್ನೂ ನೀವೇ ಇಟ್ಟುಕೊಳ್ಳಿರಿ. ಅಂಕಿ ನೋಡುವುದು ಮಗನ ಪಾಲಿಗಿರಲಿ, ಬಿಸಿ ನೋಡುವುದು ತಂದೆಯ ಪಾಲಿಗಿರಲಿ. ನಮ್ಮ ಮನೆಯಲ್ಲಿ ಬಿಸಿ ನೋಡುವವರು ಯಾರೂ ಇರಲಿಲ್ಲ.

ಅದು ನಕ್ಷತ್ರವನ್ನು ಹುಡುಕಿ ಕೊಟ್ಟೀತೋ ಇಲ್ಲವೋ ಹೇಳಲಾಗದು. ಮುಂಗಾರು ಹಿಡಿದು ಗೋಡೆ ತಣ್ಣಗಾದ ಮೇಲೆ ಮೊಮ್ಮಗನು ಇನ್ನೊಂದು ಹಳೆಯ ಮೊಬೈಲನ್ನು ತರುವೆನೆಂದಿದ್ದಾನೆ. ಈ ಸಲ ಅದು ನಡುಮನೆಯ ಕಲ್ಲಿನ ಗೂಡಿನಲ್ಲಿ ಇರತಕ್ಕದ್ದು, ಅಂಕಿಯನ್ನು ತಿಂಗಳಿಗೊಮ್ಮೆ ಮಾತ್ರ ನೋಡತಕ್ಕದ್ದು ಎಂದು ಅವನೇ ನಮಗೆ ಕಟ್ಟುಪಾಡು ಹಾಕಿದ್ದಾನೆ. ಒಪ್ಪಿಕೊಂಡಿದ್ದೇವೆ.